ಹಿರಿಯರನ್ನು ಕೂರಿಸಿಬಿಡಬೇಡಿ

ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ನಮಗೆಲ್ಲ ಗೊತ್ತು. ಅದು ದುಡ್ಡಿನ ಮಾತು. ಆದರೆ ದೇಹಕ್ಕೂ ಅಷ್ಟೇ ಚೆನ್ನಾಗಿ ಒಪ್ಪುತ್ತದೆ. ಪ್ರಾಯದಲ್ಲಿ ದುಡಿದು ಕೂಡಿಟ್ಟ ಕೈಕಾಲಿನ ಬಲ, ಕೂತಲ್ಲೇ ಕೂತರೆ ಕುಡಿಕೆಯ ಹೊನ್ನಿನ ಹಾಗೆಯೇ ಕರಗಿಹೋಗುತ್ತದೆ. ಈ ಸಲ ಅದರ ಬಗ್ಗೆಯೇ ಮಾತಾಡೋಣ.

ಬೆಂಗಳೂರಿನ ಕುರುಬರಹಳ್ಳಿಯಿಂದ ಸೋದರಿಯೊಬ್ಬರು ಬರೆದಿದ್ದಾರೆ. ಅವರ ಅತ್ತೆಗೆ 69 ವರ್ಷ, ತಿಪಟೂರಿನ ಕಡೆಯ ಹಳ್ಳಿಯವರು. ಮಾವನವರು ತೀರಿಕೊಂಡ ಮೇಲೆ, ಎರಡು ವರ್ಷದ ಹಿಂದೆ, ಮಗನ ಮನೆಗೆ ಬಂದರು. ಊರಿನಲ್ಲಿದ್ದಾಗ ಬೆಳಗಾಗೆದ್ದು ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಬಿಟ್ಟು, ಕೊಟ್ಟಿಗೆ ನೋಡಿ, ತೋಟದ ತನಕ ಹೋಗಿ ಬರುತ್ತಿದ್ದ ಹೆಂಗಸು. ಇಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಸೋದರಿ ಬರೆಯುತ್ತಾರೆ: "ಅತ್ತೆ, ಇಷ್ಟು ವರ್ಷ ದುಡಿದದ್ದು ಸಾಕು, ಆರಾಮಾಗಿ ಕೂತ್ಕೊಳ್ಳಿ ಅಂತ ನಾವೇ ಹೇಳ್ತಾ ಬಂದೆವು. ಈಗ ನೋಡಿದರೆ ನೆಲದಿಂದ ಏಳೋಕೆ ಆಗೋಲ್ಲ ಅಂತಾರೆ. ಬಚ್ಚಲಿಗೆ ಹೋಗೋಕೂ ಗೋಡೆ ಹಿಡೀತಾರೆ. ಡಾಕ್ಟರಿಗೆ ತೋರಿಸಿದ್ದಕ್ಕೆ ಕಾಯಿಲೆ ಏನೂ ಇಲ್ಲ, ಓಡಾಡಿಸಿ ಅಂದ್ರು. ಈ ಟ್ರಾಫಿಕ್ಕಿನಲ್ಲಿ ಎಲ್ಲಿ ಓಡಾಡಿಸೋದು? ಮನೇಲಿ ಕೆಲಸ ಹೇಳೋಣ ಅಂದ್ರೆ, ಸೊಸೆ ಅತ್ತೇನ ದುಡಿಸ್ತಾಳೆ ಅಂತ ನೋಡಿದವರು ಆಡಿಕೊಳ್ಳೋಲ್ವೆ?"

ಈ ಕಾಗದ ಒಬ್ಬರ ಮನೆಯದಲ್ಲ. ನಮ್ಮ ಎಷ್ಟೋ ಊರುಗಳ ತಾಯಂದಿರು ಇವತ್ತು ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಮಹಡಿ ಮನೆಗಳಲ್ಲಿ ಟಿ.ವಿ. ಮುಂದೆ ಕೂತಿದ್ದಾರೆ. ಊರಿನಲ್ಲೇ ಉಳಿದವರಿಗೂ ಪ್ರೀತಿಯ ಮಕ್ಕಳು "ಕೂತ್ಕೊಳ್ಳಮ್ಮ" ಎಂದೇ ಹೇಳುತ್ತಾರೆ. ಪ್ರೀತಿಯಿಂದ ಹೇಳಿದರೂ ಕಾಲಿಗೆ ಅದು ಗೊತ್ತಾಗುವುದಿಲ್ಲ ನೋಡಿ!

ಕರಗುವ ಬಲ, ಮರಳುವ ಬಲ

ನಡುವಯಸ್ಸು ದಾಟಿದ ಮೇಲೆ ಮಾಂಸಖಂಡ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತ ಬರುವುದು ಪ್ರಕೃತಿಯ ನಿಯಮ. ಆದರೆ ವಯಸ್ಸು ನಿಧಾನವಾಗಿ ಮಾಡುವ ನಷ್ಟವನ್ನು ಹಾಸಿಗೆ ಕೆಲವೇ ದಿನಗಳಲ್ಲಿ ಮಾಡಿ ಮುಗಿಸುತ್ತದೆ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸರಾಸರಿ 67 ವರ್ಷದ, ಗಟ್ಟಿಮುಟ್ಟಾಗಿದ್ದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಆ ಹತ್ತೇ ದಿನದಲ್ಲಿ ಕಾಲುಗಳ ಮಾಂಸಖಂಡ ಹೆಚ್ಚುಕಡಿಮೆ ಒಂದು ಕೆ.ಜಿ.ಯಷ್ಟು ಇಳಿದಿತ್ತು! "ಜ್ವರ ಅಂತ ಮಲಗಿದ ಅಜ್ಜಿ ಮತ್ತೆ ಮೊದಲಿನಂತೆ ಏಳಲೇ ಇಲ್ಲ" ಎಂದು ನಾವು ಹೇಳುತ್ತೇವಲ್ಲ, ಜ್ವರದ ಜೊತೆಗೆ ಮಲಗಿದ್ದೂ ಅದಕ್ಕೆ ಕಾರಣ.

ಹಾಗಾದರೆ ಹೋದ ಬಲ ಹೋಯಿತೇ? ಇಲ್ಲ. ಬಾಸ್ಟನ್ ನಗರದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ 90ರ ಆಸುಪಾಸಿನ ಹತ್ತು ಮಂದಿ ಕೃಶ ಹಿರಿಯರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. 1990ರಲ್ಲಿ ಅದರ ವರದಿ ಬಂತು. ಪೂರ್ತಿ ಮಾಡಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ 174 ಶೇಕಡ ಹೆಚ್ಚಿತ್ತು. ಅಂದರೆ ಮೊದಲಿದ್ದದ್ದರ ಎರಡೂಮುಕ್ಕಾಲು ಪಟ್ಟು. ತೊಂಬತ್ತರಲ್ಲಿ ಆದದ್ದು ಅರವತ್ತೊಂಬತ್ತರಲ್ಲಿ ಆಗದೇ? ಕುರುಬರಹಳ್ಳಿಯ ಸೋದರಿ ಧೈರ್ಯ ತಂದುಕೊಳ್ಳಬೇಕು.

ಮನೆಗೆಲಸವೇ ಸಾಕಲ್ಲವೇ?

"ನಮಗೆ ದಿನವಿಡೀ ಕೆಲಸವೇ. ಇನ್ನು ವ್ಯಾಯಾಮ ಬೇರೆ ಯಾಕೆ?" ಎಂದು ನೀವು ಕೇಳಬಹುದು. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಬಳಗದಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, 2022ರಲ್ಲಿ ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು. ಗಂಡಸರಲ್ಲಿ ಇದು ಶೇಕಡ 42, ಹೆಂಗಸರಲ್ಲಿ ಶೇಕಡ 57. ಮನೆಯ ಕೆಲಸವೆಲ್ಲ ಹೆಂಗಸರ ತಲೆಯ ಮೇಲೆ, ಆದರೂ ಚಟುವಟಿಕೆ ಸಾಲದವರೂ ಹೆಂಗಸರೇ! ಸಿಟ್ಟು ಬರುವ ಮಾತೇ ಸರಿ.

ಆದರೆ ಸ್ವಲ್ಪ ಯೋಚಿಸಿ. ನಮ್ಮ ಅಜ್ಜಿಯರ ಕಾಲದ ಅಡಿಗೆಮನೆಯಲ್ಲಿ ಬೀಸುವ ಕಲ್ಲಿತ್ತು, ಒರಳಿತ್ತು, ಒನಕೆಯಿತ್ತು. ನೀರು ಬಾವಿಯಿಂದ ಸೇದಬೇಕಾಗಿತ್ತು. ಈಳಿಗೆಮಣೆಯ ಮೇಲೆ ಕೂತು ತರಕಾರಿ ಹೆಚ್ಚಬೇಕು, ಒಲೆಯ ಮುಂದೆ ಕೂತು ಏಳಬೇಕು. ದಿನಕ್ಕೆ ಎಷ್ಟು ಬೈಠಕ್ ಆಯಿತು ಲೆಕ್ಕ ಹಾಕಿ! ಈಗ ಮಿಕ್ಸಿ, ಗ್ರೈಂಡರ್, ನಲ್ಲಿ, ವಾಷಿಂಗ್ ಮೆಷಿನ್ನು. ಹಾಗಂತ ಮಿಕ್ಸಿಯನ್ನು ಅಟ್ಟಕ್ಕೆ ಹಾಕಿ ಎಂದು ಯಾರೂ ಹೇಳುವುದಿಲ್ಲ. ಆ ದುಡಿತ ಎಷ್ಟೋ ಜನರ ನಡು ಮುರಿದಿದೆ. ಗ್ಯಾಸ್ ಕಟ್ಟೆಯ ಮುಂದೆ ಮೂರು ಗಂಟೆ ನಿಂತರೆ ಸೊಂಟಕ್ಕೆ ಆಯಾಸವಾಗುತ್ತದೆ, ಆದರೆ ಕಾಲಿಗೆ ಬಲ ಬರುವುದಿಲ್ಲ ಎಂಬುದಷ್ಟೇ ತಿಳಿದಿರಬೇಕಾದದ್ದು. ಸ್ವಲ್ಪ ಉಸಿರು ಜೋರಾಗಬೇಕು, ಮೈ ಬೆಚ್ಚಗಾಗಬೇಕು. ಅಂಥ ಕೆಲಸ ಲೆಕ್ಕಕ್ಕೆ ಬರುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇದೇ ಸುಲಭದ ಅಳತೆ.

ಎಷ್ಟು ನಡೆಯಬೇಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ 65 ದಾಟಿದವರಿಗೆ ಮೂರು ಮಾತಿದೆ. ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ. ವಾರಕ್ಕೆ ಎರಡು ದಿನವಾದರೂ ಮಾಂಸಖಂಡಕ್ಕೆ ಬಲ ಕೊಡುವ ವ್ಯಾಯಾಮ. ಬೀಳದಂತೆ ಕಾಪಾಡಲು ವಾರಕ್ಕೆ ಮೂರು ದಿನವಾದರೂ ತೋಲನದ ಅಭ್ಯಾಸ, ಅಂದರೆ ಮೈ ತೂಕ ತಪ್ಪದಂತೆ ನಿಲ್ಲುವ ಅಭ್ಯಾಸ. ಅಷ್ಟು ಆಗದವರು ತಮ್ಮ ಶಕ್ತಿಗೆ ತಕ್ಕಷ್ಟು ಮಾಡಲಿ. ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡುವುದು ಮೇಲು ಎಂದೂ ಅದೇ ಸಲಹೆ ಹೇಳುತ್ತದೆ.

"ಹತ್ತು ಸಾವಿರ ಹೆಜ್ಜೆ ಹಾಕಬೇಕಂತೆ" ಎಂದು ಹೆದರುವವರಿಗೊಂದು ಸಮಾಧಾನ. ಈ ಹತ್ತು ಸಾವಿರದ ಲೆಕ್ಕ ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರೇ "ಹತ್ತು ಸಾವಿರ ಹೆಜ್ಜೆಯ ಮೀಟರು" ಎಂದಿತ್ತು. ಅಲ್ಲಿಂದ ಹರಡಿದ ಮಾತು ಇದು. 2019ರಲ್ಲಿ ಅಮೆರಿಕದ ಸಂಶೋಧಕರು ಸರಾಸರಿ 72 ವರ್ಷದ 16,741 ಮಹಿಳೆಯರ ಹೆಜ್ಜೆಗಳನ್ನು ಅಳೆದು ಪ್ರಕಟಿಸಿದರು. ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹೆಜ್ಜೆ ಹಾಕುವವರಲ್ಲಿ ಆ ಅವಧಿಯ ಸಾವು ಶೇಕಡ 41 ಕಡಿಮೆ ಇತ್ತು. ಸುಮಾರು 7,500 ಹೆಜ್ಜೆಯ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಹೆಚ್ಚು ಆರೋಗ್ಯವಿರುವವರೇ ಹೆಚ್ಚು ನಡೆಯುವುದೂ ಉಂಟು, ನಿಜ. ಆದರೂ ಅತ್ತೆಯವರು ಓಟದ ಸ್ಪರ್ಧೆಗೆ ಹೋಗಬೇಕಾಗಿಲ್ಲ ಎಂಬುದಂತೂ ಸ್ಪಷ್ಟ.

ಮೆಟ್ಟಿಲನ್ನೂ ಕಡೆಗಣಿಸಬೇಡಿ. ಬೆಂಗಳೂರಿನಲ್ಲಿ ಹಿಂದೆ ಡಬಲ್ ಡೆಕ್ಕರ್ ಬಸ್ಸುಗಳು ಓಡುತ್ತಿದ್ದದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಲಂಡನ್ನಿನ ಅಂಥ ಬಸ್ಸುಗಳ ಮೇಲೆಯೇ ಡಾಕ್ಟರ್ ಜೆರ್ರಿ ಮಾರಿಸ್ ಎಂಬುವವರು ಅಧ್ಯಯನ ನಡೆಸಿದರು. ದಿನವಿಡೀ ಕೂತಿರುವ ಡ್ರೈವರುಗಳಿಗಿಂತ, ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು 1953ರಲ್ಲಿ ತೋರಿಸಿಕೊಟ್ಟರು. ಆ ಮಾರಿಸ್ ಅವರೇ 99 ವರ್ಷ ಬಾಳಿದರು!

ಕುರುಬರಹಳ್ಳಿಯಲ್ಲಿ ಎಲ್ಲಿ ಓಡಾಡೋದು?

ಹೆಸರೇ ಹೇಳುವಂತೆ ಕುರುಬರಹಳ್ಳಿ ಕುರಿ ಸಾಕುವವರ ಹಳ್ಳಿ. ಮಂದೆಯ ಹಿಂದೆ ಬೆಳಗಿನಿಂದ ಸಂಜೆಯವರೆಗೆ ನಡೆಯುವವರ ಊರು. ಇವತ್ತು ಅಲ್ಲಿ ಮನೆಗೆ ಮನೆ ಅಂಟಿಕೊಂಡಿದೆ, ಬೀದಿಯ ಅರ್ಧ ಸ್ಕೂಟರುಗಳಿಗೆ ಹೋಗಿದೆ. ಆದರೂ ದಾರಿಯಿದೆ.

ಮೊದಲ ಹದಿನೈದು ದಿನ ಮನೆಯೊಳಗೇ ನಡೆಸಿ. ನಡುಮನೆಯಿಂದ ಅಡಿಗೆಮನೆಗೆ, ಅಲ್ಲಿಂದ ವರಾಂಡಕ್ಕೆ, ಹತ್ತು ಹತ್ತು ನಿಮಿಷ, ದಿನಕ್ಕೆ ಮೂರು ಸಲ. ಆಮೇಲೆ ಕೈಪಿಡಿ ಹಿಡಿದು ಒಂದು ಮಹಡಿ ಇಳಿದು ಹತ್ತುವುದು. ಮೊದಮೊದಲು ಇಳಿಯುವಾಗ ನೀವು ಒಂದು ಮೆಟ್ಟಿಲು ಮುಂದಿರಿ, ಹತ್ತುವಾಗ ಹಿಂದಿರಿ. ಕಾಲು ಹದಕ್ಕೆ ಬಂದ ಮೇಲೆ ಹತ್ತಿರದ ಪಾರ್ಕು. ಬೆಂಗಳೂರಿನ ಪಾಲಿಕೆ ಪಾರ್ಕುಗಳನ್ನು ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು 2024ರ ಜೂನ್‌ನಲ್ಲಿ ನಿರ್ಧಾರವಾಯಿತು. ಆದ್ದರಿಂದ ಬೆಳಗಿನ ತಿಂಡಿ-ಡಬ್ಬಿಯ ಗಡಿಬಿಡಿ ಮುಗಿಸಿ ಹತ್ತೂವರೆಗೆ ಹೋದರೂ ಆದೀತು. ಪಕ್ಕದ ಮಹಾಲಕ್ಷ್ಮಿಪುರದಲ್ಲಿ ಬಂಡೆಯ ಮೇಲೆ ಪ್ರಸನ್ನ ವೀರಾಂಜನೇಯ ಸ್ವಾಮಿಯ ದೇವಸ್ಥಾನವಿದೆ. "ಇನ್ನು ಎರಡು ತಿಂಗಳಿಗೆ ನಾವಿಬ್ಬರೂ ನಡೆದು ಹೋಗಿ ಆಂಜನೇಯನ ದರ್ಶನ ಮಾಡೋಣ ಅತ್ತೆ" ಎಂದು ಹೇಳಿ ನೋಡಿ. ವ್ಯಾಯಾಮ ಎಂದರೆ ಮುಖ ತಿರುಗಿಸುವವರು ದೇವರ ದರ್ಶನ ಎಂದರೆ ಸೆರಗು ಸಿಕ್ಕಿಸಿ ನಿಲ್ಲುತ್ತಾರೆ!

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಆದರೆ ಬಸ್ಸು ಹತ್ತಲು ಕಾಲೆತ್ತಬೇಕಲ್ಲ! ಮೆಟ್ಟಿಲಿನ ಅಭ್ಯಾಸವಿದ್ದರೆ ಅತ್ತೆಯವರು ತಿಪಟೂರಿಗೂ ಹೋಗಿ ಬಂದಾರು. ಮಳೆಗಾಲದಲ್ಲಿ ಮಾತ್ರ ಎಚ್ಚರ. 2017ರ ಅಕ್ಟೋಬರಿನ ಮಳೆಗೆ ಕುರುಬರಹಳ್ಳಿಯ ರಾಜಕಾಲುವೆ ಉಕ್ಕಿ ಜನ ಕೊಚ್ಚಿಹೋದದ್ದನ್ನು ಮರೆಯುವಂತಿಲ್ಲ. ಮೋಡ ಕಟ್ಟಿದ ದಿನ ಮನೆಯೊಳಗಿನ ನಡಿಗೆಯೇ ಸಾಕು.

ಕುರ್ಚಿಯ ಪರೀಕ್ಷೆ

ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಹಿರಿಯರು ಎರಡೂ ಕೈಗಳನ್ನು ಎದೆಯ ಮೇಲೆ ಕತ್ತರಿಯಾಕಾರವಾಗಿ ಇಟ್ಟುಕೊಂಡು, ಕೈ ಊರದೆ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. ಅಮೆರಿಕದ ರೋಗನಿಯಂತ್ರಣ ಕೇಂದ್ರದ ಪಟ್ಟಿಯ ಪ್ರಕಾರ ಹೆಂಗಸರಿಗೆ 60ರಿಂದ 64ರ ವಯಸ್ಸಿನಲ್ಲಿ 12, 65ರಿಂದ 69ರಲ್ಲಿ 11, 70ರಿಂದ 79ರಲ್ಲಿ 10, 80ರಿಂದ 84ರಲ್ಲಿ 9 ಸಲಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು. ಗಂಡಸರಿಗೆ 60ರಿಂದ 64ರಲ್ಲಿ 14, 65ರಿಂದ 74ರಲ್ಲಿ 12, 75ರಿಂದ 79ರಲ್ಲಿ 11. ಪರೀಕ್ಷೆ ಮಾಡಿಸುವಾಗ ಪಕ್ಕದಲ್ಲೇ ನಿಂತಿರಿ. ಬಂದ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ತಿಂಗಳಿಗೊಮ್ಮೆ ಮತ್ತೆ ಎಣಿಸಿ. ಒಂದೆರಡು ಹೆಚ್ಚಾದಾಗ ಅವರ ಮುಖ ನೋಡಬೇಕು ನೀವು!

ಈ ಪರೀಕ್ಷೆಯೇ ಒಳ್ಳೆಯ ವ್ಯಾಯಾಮವೂ ಹೌದು. ದಿನ ಬಿಟ್ಟು ದಿನ ಹೀಗೆ ಮಾಡಿಸಿ:

ಕುರ್ಚಿಯಿಂದ ಏಳುವುದು-ಕೂರುವುದು: ಐದು ಸಲದಿಂದ ಆರಂಭಿಸಿ ಹತ್ತಕ್ಕೆ ಏರಿಸಿ. ಮೊದಲು ಕೈ ಊರಿದರೂ ಸರಿ.

ಹಿಮ್ಮಡಿ ಎತ್ತುವುದು: ಅಡಿಗೆಕಟ್ಟೆ ಹಿಡಿದು ನಿಂತು, ತುದಿಗಾಲಿನಲ್ಲಿ ಹತ್ತು ಸಲ ಏರಿ ಇಳಿಯಬೇಕು.

ಒಂಟಿಕಾಲು: ಕಟ್ಟೆ ಹಿಡಿದುಕೊಂಡೇ ಒಂದೊಂದು ಕಾಲಿನ ಮೇಲೆ ಹತ್ತು ಎಣಿಸುವವರೆಗೆ. ಹಾಲು ಕಾಯುವ ಹೊತ್ತಿನಲ್ಲಿ ನೀವೂ ಮಾಡಬಹುದು.

ಗೆರೆಯ ನಡಿಗೆ: ಗೋಡೆಯ ಪಕ್ಕ, ಒಂದು ಪಾದದ ಮುಂದೆ ಇನ್ನೊಂದು ಪಾದ ತಾಗಿಸಿ ಹತ್ತು ಹೆಜ್ಜೆ.

ಅರ್ಧ ಅರ್ಧ ಲೀಟರಿನ ನೀರಿನ ಬಾಟಲು: ಎರಡೂ ಕೈಯಲ್ಲಿ ಹಿಡಿದು ಮೊಣಕೈ ಮಡಿಸಿ ಎತ್ತುವುದು, ಹತ್ತು ಸಲ.

ಇಷ್ಟಕ್ಕೂ ಇಪ್ಪತ್ತು ನಿಮಿಷ ಸಾಕು. ಕಾಲಿನ ಬಲ ಬಂದ ಮೇಲೆ ನೆಲದ ಮೇಲೆ ಕೂತು ಏಳುವುದನ್ನೂ ಹಿಡಿತವಿಟ್ಟುಕೊಂಡು ಅಭ್ಯಾಸ ಮಾಡಿಸಿ. ಬ್ರೆಜಿಲಿನಲ್ಲಿ 51ರಿಂದ 80 ವರ್ಷದ 2,002 ಜನರಿಗೆ ನೆಲದ ಮೇಲೆ ಕೂತು ಏಳಲು ಹೇಳಿ ಅಂಕ ಕೊಟ್ಟು, ವರ್ಷಗಟ್ಟಲೆ ಗಮನಿಸಿ, 2012ರಲ್ಲಿ ವರದಿ ಮಾಡಿದರು. ಆಸರೆಯಿಲ್ಲದೆ ಸಲೀಸಾಗಿ ಏಳುವವರೇ ಹೆಚ್ಚು ಕಾಲ ಬಾಳಿದ್ದರು. ಮಣೆಯ ಮೇಲೆ ಕೂತು ಉಣ್ಣುವ ನಮ್ಮ ಪದ್ಧತಿ ಸುಮ್ಮನೆ ಬಂದದ್ದಲ್ಲ ನೋಡಿ.

ಯೋಗ ಒಗ್ಗುವವರಿಗೆ ಯೋಗ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಬಾಲ್ಯದಲ್ಲಿ ಕ್ಷಯ, ಮಲೇರಿಯಾ ಎಂದು ನರಳಿದವರು. 95 ವರ್ಷ ಬಾಳಿ 2014ರಲ್ಲಿ ತೀರಿಕೊಂಡರು. ಮೈ ಬಾಗದವರೂ ಆಸನ ಮಾಡಲಿ ಎಂದು ಕುರ್ಚಿ, ಹಗ್ಗ, ದಿಂಬುಗಳನ್ನು ಬಳಸುವ ಕ್ರಮ ಬೆಳೆಸಿದವರು ಅವರೇ. ತಿಳಿದವರಿಂದಲೇ ಕಲಿಯಬೇಕು, ಟಿ.ವಿ. ನೋಡಿ ಕತ್ತು ತಿರುಗಿಸಬಾರದು.

ಮನಸ್ಸಿಗೂ ಓಡಾಟ ಬೇಕು

ಕೂತಲ್ಲೇ ಕೂತವರಿಗೆ ಕಾಲಿನ ಜೊತೆ ಮನಸ್ಸೂ ಜಡವಾಗುತ್ತದೆ. 2024ರಲ್ಲಿ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿದ, ಮರೆಗುಳಿತನಕ್ಕೆ ದಾರಿಯಾಗುವ ಆದರೆ ತಡೆಯಬಹುದಾದ 14 ಕಾರಣಗಳಲ್ಲಿ ಓಡಾಟವಿಲ್ಲದಿರುವುದೂ ಇದೆ, ಜನಸಂಪರ್ಕವಿಲ್ಲದಿರುವುದೂ ಇದೆ. ಊರಿನಲ್ಲಿ ಕಟ್ಟೆಯ ಮೇಲೆ ಕೂತರೆ ಹತ್ತು ಜನ ಮಾತಾಡಿಸುತ್ತಿದ್ದರು. ಬೆಂಗಳೂರಿನ ಮಹಡಿಯಲ್ಲಿ ಯಾರು ಮಾತಾಡಿಸುತ್ತಾರೆ? ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಸಂಶೋಧನಾ ಪ್ರತಿಷ್ಠಾನದವರು ವೃದ್ಧಾಶ್ರಮದ 69 ಹಿರಿಯರ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳು ಯೋಗ ಮಾಡಿದವರ ಖಿನ್ನತೆ ಚೆನ್ನಾಗಿಯೇ ಇಳಿದಿತ್ತು. ಪಾರ್ಕಿನಲ್ಲಿ ಒಬ್ಬ ಗೆಳತಿ ಸಿಕ್ಕಿದರೆ ಅತ್ತೆಯವರೇ ನಿಮಗಿಂತ ಮುಂಚೆ ಚಪ್ಪಲಿ ಹಾಕಿಕೊಂಡು ನಿಲ್ಲುತ್ತಾರೆ.

ಕೆಲಸ ಹೇಳುವುದು ಹೇಗೆ?

ಇನ್ನು ಸೋದರಿಯ ನಿಜವಾದ ಕಷ್ಟಕ್ಕೆ ಬರೋಣ. ಅತ್ತೆಯನ್ನು ದುಡಿಸುವುದು ಬೇರೆ, ಅವರ ಕೈಗೆ ಕೆಲಸ ಬಿಟ್ಟುಕೊಡುವುದು ಬೇರೆ. ಬಕೆಟ್ ನೀರು ಹೊರಿಸುವುದು, ಪಾತ್ರೆಯ ರಾಶಿ ಮುಂದೆ ಕೂರಿಸುವುದು, ಮೂರು ವರ್ಷದ ಮಗುವಿನ ಹಿಂದೆ ದಿನವಿಡೀ ಓಡಿಸುವುದು ದುಡಿತವೇ ಸರಿ. ವ್ಯಾಯಾಮದ ನೆಪದಲ್ಲಿ ಅದನ್ನು ಹೇರಬಾರದು. ಬಾಗಿಲಿಗೆ ರಂಗೋಲಿ, ಕುಂಡದ ಗಿಡಗಳಿಗೆ ನೀರು, ದೇವರ ಮನೆ, ಒಗೆದ ಸಣ್ಣ ಬಟ್ಟೆ ಹರವುವುದು, ಬೀದಿಯ ತುದಿಯಿಂದ ಕೊತ್ತಂಬರಿ ಸೊಪ್ಪು ತರುವುದು, ಇಂಥವನ್ನು ಅವರದೇ ಎಂದು ಬಿಡಿ. "ಅತ್ತೆ, ನೀವು ಎಳೆ ಹಾಕಿದ ಹಾಗೆ ನನಗೆ ಬರೋಲ್ಲ" ಎಂದರೆ ಅದು ಅಪ್ಪಣೆಯೂ ಅಲ್ಲ, ಸುಳ್ಳೂ ಅಲ್ಲ. ಅವರು ನಿಧಾನವಾಗಿ ಮಾಡಿದರೆ ಕೈಯಿಂದ ಕಿತ್ತುಕೊಳ್ಳಬೇಡಿ. ನಮ್ಮ ಅವಸರವೇ ಎಷ್ಟೋ ಸಲ ಅವರನ್ನು ಕುರ್ಚಿಗೆ ಕಟ್ಟಿಹಾಕುತ್ತದೆ.

ಮಗನಿಗೂ ಒಂದು ಮಾತು. ತಾಯಿಯನ್ನು ವಾಕಿಂಗಿಗೆ ಕರೆದೊಯ್ಯುವುದು ಸೊಸೆಯ ಕೆಲಸ ಮಾತ್ರವಲ್ಲ. ಭಾನುವಾರ ಬೆಳಗ್ಗೆ ಅರ್ಧ ಗಂಟೆ ಅಮ್ಮನ ಜೊತೆ ನಡೆದರೆ ಆಡಿಕೊಳ್ಳುವವರ ಬಾಯಿಯೂ ಮುಚ್ಚುತ್ತದೆ. ಮಾಗಡಿಯ ಕಡೆ ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ 385 ಆಲದ ಮರಗಳನ್ನು ಸಾಲುಮರದ ತಿಮ್ಮಕ್ಕ ಬೆಳೆಸಿದ್ದು ಗಂಡನ ಜೊತೆ ಕೊಡದಲ್ಲಿ ನೀರು ಹೊತ್ತು. ಒಬ್ಬರೇ ನಡೆಯುವುದು ಕಷ್ಟ, ಜೊತೆಯಿದ್ದರೆ ದಾರಿ ಸಾಗುತ್ತದೆ.

ಹುಷಾರು!

ಎದೆ ನೋವು, ನಡೆದರೆ ಏದುಸಿರು, ತಲೆ ಸುತ್ತು, ಇತ್ತೀಚೆಗೆ ಆಪರೇಷನ್ ಅಥವಾ ಮೂಳೆ ಮುರಿತ ಆದವರು ಡಾಕ್ಟರನ್ನು ಕೇಳಿಯೇ ಆರಂಭಿಸಬೇಕು. ನಡೆಯುವಾಗ ಎದೆ ಹಿಡಿದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹಸಿದ ಹೊಟ್ಟೆಯಲ್ಲಿ ನಡೆಯಬಾರದು, ಸೆರಗಿನ ತುದಿಯಲ್ಲಿ ಒಂದಿಷ್ಟು ಸಕ್ಕರೆ ಇರಲಿ. ಮಂಡಿ ನೋವೆಂದು ಪೂರ್ತಿ ಕೂತುಬಿಟ್ಟರೆ ನೋವು ಹೆಚ್ಚುವುದೇ ಹೆಚ್ಚು. ತೊಡೆಯ ಬಲ ಬಂದಷ್ಟೂ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಅಥವಾ ಶೂ ಇರಲಿ. ಸೀರೆಯ ನಿರಿಗೆ ನೆಲಕ್ಕೆ ತಾಗದಿರಲಿ. ಬಚ್ಚಲಿನ ಗೋಡೆಗೆ ಒಂದು ಹಿಡಿಕೆ, ರಾತ್ರಿ ಒಂದು ಸಣ್ಣ ದೀಪ ಹಾಕಿಸಿ.

ತಟ್ಟೆಯಲ್ಲೂ ಬಲವಿರಲಿ

ವ್ಯಾಯಾಮ ಮಾಡಿಸಿ ಬರೀ ಗಂಜಿ ಕೊಟ್ಟರೆ ಮಾಂಸಖಂಡ ಎಲ್ಲಿಂದ ಬರಬೇಕು? ಹಿರಿಯರಿಗೆ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 1 ಗ್ರಾಂ ಪ್ರೋಟೀನು ಬೇಕು. ಮೂತ್ರಪಿಂಡದ ತೊಂದರೆಯಿದ್ದವರು ಮಾತ್ರ ಡಾಕ್ಟರು ಹೇಳಿದಷ್ಟೇ ತೆಗೆದುಕೊಳ್ಳಲಿ. 100 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನಿದೆ. ಹಲ್ಲಿಲ್ಲದವರೂ ಉಣ್ಣಬಹುದಾದ ಒಂದು ತೊವ್ವೆ ಇಲ್ಲಿದೆ.

ನುಗ್ಗೆಸೊಪ್ಪಿನ ತೊವ್ವೆ: ಅರ್ಧ ಬಟ್ಟಲು ಹೆಸರುಬೇಳೆಯನ್ನು ಬೆಚ್ಚಗೆ ಹುರಿದು, ತೊಳೆದು, ಚಿಟಿಕೆ ಅರಿಶಿನ ಹಾಕಿ ಮೆತ್ತಗೆ ಬೇಯಿಸಿ. ಒಂದು ಬಟ್ಟಲು ಬಿಡಿಸಿದ ಎಳೆ ನುಗ್ಗೆಸೊಪ್ಪನ್ನು ಸಣ್ಣಗೆ ಹೆಚ್ಚಿ, ಸ್ವಲ್ಪ ನೀರಿನಲ್ಲಿ ಬೇರೆಯಾಗಿ ಬೇಯಿಸಿ ಸೇರಿಸಿ. ಜಜ್ಜಿದ ಶುಂಠಿ, ಸೀಳಿದ ಒಂದು ಹಸಿಮೆಣಸಿನಕಾಯಿ, ಉಪ್ಪು ಹಾಕಿ ಎರಡು ಕುದಿ ಬರಿಸಿ. ತುಪ್ಪದಲ್ಲಿ ಸಾಸಿವೆ, ಜೀರಿಗೆ, ಇಂಗಿನ ಒಗ್ಗರಣೆ ಕೊಟ್ಟು, ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಬಿಸಿ ರಾಗಿಮುದ್ದೆಯ ಜೊತೆ ಬಡಿಸಿ. ಮೂಳೆಗೆ ಬೇಕಾದ ಸುಣ್ಣದ ಅಂಶ ರಾಗಿಯಲ್ಲಿ ಧಾರಾಳವಾಗಿದೆ.

ಕೊನೆಗೆ ಓದುಗ ಸೋದರಿಯರಿಗೊಂದು ಮಾತು. ಮೇಲಿನದೆಲ್ಲ ಅತ್ತೆಗೆ, ಅಮ್ಮನಿಗೆ ಎಂದು ಓದಿ ಪುಟ ಮಗುಚಬೇಡಿ. ನಿಮಗೆ ನಲವತ್ತೈದೋ ಐವತ್ತೋ ಆಗಿದ್ದರೆ ಕುಡಿಕೆಯ ಹೊನ್ನು ಕರಗತೊಡಗಿದೆ ಎಂದೇ ಅರ್ಥ. ಇವತ್ತು ಸಂಜೆ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟಾಗ ಅತ್ತೆಯವರ ಸರದಿ ಮುಗಿದ ಮೇಲೆ ನೀವೂ ಕೂರಿ, ಅವರೇ ಎಣಿಸಲಿ. ಎಷ್ಟು ಸಲ ಎದ್ದಿರಿ ಎಂದು ನಮಗೂ ಬರೆಯಿರಿ.